ಆನ್‌ಲೈನ್ ಆರ್ಡರ್ ಕೈಗೆ ಸೇರುವವರೆಗೆ: ಡೆಲಿವರಿ ಖರ್ಚು, ಟ್ರ್ಯಾಕಿಂಗ್, ದೂರು

"ವಸ್ತುವಿಗಿಂತ ಡೆಲಿವರಿ ಚಾರ್ಜೇ ಜಾಸ್ತಿ ಇದೆ, ಇದು ಸರಿನಾ?" "ಟ್ರ್ಯಾಕಿಂಗ್ ಮೂರು ದಿನದಿಂದ ಅಲ್ಲೇ ನಿಂತಿದೆ, ಯಾರಿಗೆ ಫೋನ್ ಮಾಡಲಿ?" "ಡೆಲಿವರ್ಡ್ ಅಂತ ಮೆಸೇಜ್ ಬಂತು, ಆದರೆ ಪಾರ್ಸೆಲ್ ಬಂದಿಲ್ಲ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಆರ್ಡರ್ ಮಾಡುವ ಮೊದಲಿನಿಂದ ಹಿಡಿದು ವಾಪಸ್ ಕಳಿಸುವವರೆಗಿನ ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೊರಿಯರ್ ಕಂಪನಿಯ ಗ್ರಾಹಕ ನೀವಲ್ಲ, ಮಾರಾಟಗಾರ. ಕೊರಿಯರ್ ಜೊತೆ ಒಪ್ಪಂದ ಮಾಡಿಕೊಂಡವನು ಅವನು, ಅವರಿಗೆ ದುಡ್ಡು ಕೊಡುವವನೂ ಅವನೇ. ಚಾರ್ಜ್‌ನ ಹೆಸರಲ್ಲಿ ನಿಮ್ಮಿಂದ ಹಣ ಹೋಗಿರಬಹುದು, ಆದರೆ ಅದು ಮಾರಾಟಗಾರನ ಕೈ ದಾಟಿಯೇ ಕೊರಿಯರ್‌ಗೆ ತಲುಪುತ್ತದೆ. ಕೊರಿಯರ್ ಕಾಲ್ ಸೆಂಟರ್‌ಗೆ ಎಷ್ಟು ಸಲ ಫೋನ್ ಮಾಡಿದರೂ "ಕಳಿಸಿದವರನ್ನು ಕೇಳಿ" ಅನ್ನುವುದು ಇದೇ ಕಾರಣಕ್ಕೆ. ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಕೇಳುವಾಗ ಕೈಯಲ್ಲಿ ಏನಿರಬೇಕು ಅನ್ನುವುದೆಲ್ಲ ಈ ಒಂದು ವಿಷಯದಿಂದಲೇ ಹುಟ್ಟುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಕ್ಯಾಮೆರಾ ಇರುವ ಫೋನ್, ಆರ್ಡರ್ ಖಚಿತವಾದ ಇಮೇಲ್ ಅಥವಾ ಮೆಸೇಜ್, ಸಾಧ್ಯವಾದರೆ ಮನೆಯಲ್ಲಿ ಒಂದು ತಕ್ಕಡಿ.

1. ಕೈಗೆ ಬಂದಾಗಿನ ಬೆಲೆ ಲೆಕ್ಕ ಹಾಕಿ

ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆಯನ್ನು ಇನ್ನೊಂದು ಕಡೆಯ ಬೆಲೆ ಜೊತೆ ಹೋಲಿಸಬೇಡಿ. ವಸ್ತುವನ್ನು ಕಾರ್ಟ್‌ಗೆ ಹಾಕಿ, ವಿಳಾಸ ಕೊಟ್ಟು, ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ. ಅಲ್ಲಿ ಬರುವ ಮೊತ್ತವೇ ನಿಜವಾದ ಬೆಲೆ. ಡೆಲಿವರಿ ಚಾರ್ಜ್, ಪ್ಯಾಕಿಂಗ್ ಚಾರ್ಜ್, ಮನೆ ಬಾಗಿಲಲ್ಲಿ ಹಣ ಕೊಡುವುದಾದರೆ ಅದಕ್ಕೊಂದು ಶುಲ್ಕ, ದೂರದ ಊರಾದರೆ ಇನ್ನೊಂದಷ್ಟು. ಇವೆಲ್ಲ ಕೊನೆಯಲ್ಲೇ ಬಂದು ಸೇರಿಕೊಳ್ಳುತ್ತವೆ.

ಸಣ್ಣ ವಸ್ತುವಿಗೆ ಇಷ್ಟು ಚಾರ್ಜ್ ಯಾಕೆ? ಪಾರ್ಸೆಲ್ ಸಾಗುವ ದಾರಿಯಲ್ಲಿ ತುಂಬಾ ದುಬಾರಿ ಭಾಗ ಕೊನೆಯ ತುಂಡು. ಊರಿಂದ ಊರಿಗೆ ಸಾವಿರಾರು ಪಾರ್ಸೆಲ್‌ಗಳು ಒಂದೇ ಲಾರಿಯಲ್ಲಿ ಹೋಗುತ್ತವೆ, ಖರ್ಚು ಹಂಚಿಹೋಗುತ್ತದೆ. ಆದರೆ ಹತ್ತಿರದ ಕೇಂದ್ರದಿಂದ ನಿಮ್ಮ ಬಾಗಿಲಿಗೆ ಒಬ್ಬ ಮನುಷ್ಯ ಆ ಒಂದು ಪಾರ್ಸೆಲ್‌ಗಾಗಿ ಬರಬೇಕು. ವಸ್ತು ಚಿಕ್ಕದಾದರೂ ದೊಡ್ಡದಾದರೂ ಆ ಓಡಾಟ ಒಂದೇ. ಆದ್ದರಿಂದ ನಿಮ್ಮ ಹತ್ತಿರ ಪಿಕಪ್ ಪಾಯಿಂಟ್ ಅಥವಾ ಪಾರ್ಸೆಲ್ ಲಾಕರ್ ಇದ್ದರೆ ಅದನ್ನು ನೋಡಿ. ಇವು ನೀವೇ ಹೋಗಿ ಪಾರ್ಸೆಲ್ ತೆಗೆದುಕೊಳ್ಳುವ ಜಾಗಗಳು. ಅನೇಕ ಕಡೆ ಇದಕ್ಕೆ ಚಾರ್ಜ್ ಕಡಿಮೆ. ಮನೆಯಲ್ಲಿ ಯಾರೂ ಇಲ್ಲದೆ ಪಾರ್ಸೆಲ್ ಹಿಂದಿರುಗುವ ತಾಪತ್ರಯವೂ ಇಲ್ಲ. ಹಗಲು ಮನೆಯಲ್ಲಿ ಇರದವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಚಾರ್ಜ್ ನಿರ್ಧಾರವಾಗುವುದು ತೂಕದ ಮೇಲೆ. ಆದರೆ ತೂಕ ಅಂದರೆ ತಕ್ಕಡಿ ತೋರಿಸುವ ತೂಕ ಮಾತ್ರ ಅಲ್ಲ. ವಾಲ್ಯೂಮೆಟ್ರಿಕ್ ತೂಕ ಅಂತ ಇನ್ನೊಂದಿದೆ. ಡಬ್ಬ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದನ್ನು ಕಿಲೋಗೆ ತಿರುಗಿಸಿದ ಲೆಕ್ಕ ಅದು. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 5000ದಿಂದ ಭಾಗಿಸಿ. ಅನೇಕ ಕೊರಿಯರ್‌ಗಳು ಬಳಸುವ ಸಂಖ್ಯೆ ಇದು, ಕೆಲವು ಸೇವೆಗಳಲ್ಲಿ 6000 ಇರುತ್ತದೆ. ಎರಡು ತೂಕಗಳಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜ್.

ಒಂದು ಲೆಕ್ಕ ಮಾಡೋಣ. ದಿಂಬುಗಳಿರುವ ಡಬ್ಬ 50 × 40 × 30 ಸೆಂ.ಮೀ. ಇದೆ ಅಂದುಕೊಳ್ಳಿ. ಗುಣಿಸಿದರೆ 60,000. 5000ದಿಂದ ಭಾಗಿಸಿದರೆ 12 ಕಿಲೋ. ತಕ್ಕಡಿಯಲ್ಲಿ ಅದು 2 ಕಿಲೋ ತೂಗಿದರೂ ಬಿಲ್ ಆಗುವುದು 12 ಕಿಲೋಗೆ. ಅದೇ 30 × 20 × 10 ಸೆಂ.ಮೀ. ಡಬ್ಬದ ತುಂಬ ಪುಸ್ತಕ ಇದ್ದರೆ ವಾಲ್ಯೂಮೆಟ್ರಿಕ್ ತೂಕ ಬರೀ 1.2 ಕಿಲೋ. ಅಲ್ಲಿ ತಕ್ಕಡಿಯ ತೂಕವೇ ಗೆಲ್ಲುತ್ತದೆ. ಹಗುರವಾದ, ಉಬ್ಬಿದ ವಸ್ತುಗಳಿಗೆ (ದಿಂಬು, ಲ್ಯಾಂಪ್ ಶೇಡ್, ಆಟಿಕೆ) ಚಾರ್ಜ್ ವಿಪರೀತ ಅನ್ನಿಸಿದರೆ ಕಾರಣ ಇದೇ. ಮಡಚಿ ಅಥವಾ ಗಾಳಿ ತೆಗೆದು ಪ್ಯಾಕ್ ಮಾಡಿ ಕಳಿಸುವ ಮಾರಾಟಗಾರ ಸಿಕ್ಕರೆ ಅವರನ್ನೇ ಆರಿಸಿ.

ತೂಕವನ್ನು ಮೇಲಿನ ಹಂತಕ್ಕೆ ಏರಿಸುವ ಪದ್ಧತಿಯೂ ಇದೆ. ಅರ್ಧ ಕಿಲೋ ಲೆಕ್ಕದಲ್ಲಿ ಚಾರ್ಜ್ ಇದ್ದರೆ 1.1 ಕಿಲೋಗೂ 1.5 ಕಿಲೋಗೂ ದರ ಒಂದೇ. ಒಂದೇ ಮಾರಾಟಗಾರನಿಂದ ಎರಡು ಸಣ್ಣ ವಸ್ತು ಬೇಕಿದ್ದರೆ ಒಟ್ಟಿಗೆ ಆರ್ಡರ್ ಮಾಡಿದರೆ ಲಾಭ ಆಗುವುದು ಇಲ್ಲೇ.

*ಎಚ್ಚರಿಕೆ:* "ಇಷ್ಟು ಮೊತ್ತ ದಾಟಿದರೆ ಡೆಲಿವರಿ ಉಚಿತ" ಅನ್ನುವ ಮಿತಿ ಮುಟ್ಟಲು ಬೇಡದ ವಸ್ತು ಸೇರಿಸಬೇಡಿ. ಸೇರಿಸಿದ್ದನ್ನು ಆಮೇಲೆ ವಾಪಸ್ ಮಾಡಿದರೆ ಒಟ್ಟು ಮೊತ್ತ ಮಿತಿಗಿಂತ ಕೆಳಗೆ ಬರುತ್ತದೆ. ಆಗ ಡೆಲಿವರಿ ಚಾರ್ಜನ್ನು ರೀಫಂಡ್‌ನಲ್ಲಿ ಮುರಿದುಕೊಳ್ಳುವ ಅಂಗಡಿಗಳಿವೆ. ಉಚಿತ ಡೆಲಿವರಿಯ ಖರ್ಚು ಮಾಯವಾಗುವುದಿಲ್ಲ. ಅದು ವಸ್ತುವಿನ ಬೆಲೆಯಲ್ಲೇ ಕೂತಿರುತ್ತದೆ.

2. ಮಾರುವವರು ಯಾರು, ಕಳಿಸುವವರು ಯಾರು, ನೋಡಿ

ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ ಎಲ್ಲ ವಸ್ತುವನ್ನೂ ಆ ಕಂಪನಿಯೇ ಮಾರುವುದಿಲ್ಲ. ಅದು ಸಂತೆ ಇದ್ದ ಹಾಗೆ. ಜಾಗ ಒಬ್ಬರದು, ಅಂಗಡಿಗಳು ಬೇರೆ ಬೇರೆಯವರವು. ಇದಕ್ಕೆ ಮಾರ್ಕೆಟ್‌ಪ್ಲೇಸ್ ಅನ್ನುತ್ತಾರೆ. ವಸ್ತುವಿನ ಪುಟದಲ್ಲಿ "ಮಾರುವವರು" ಮತ್ತು "ಕಳಿಸುವವರು" ಅಂತ ಎರಡು ಸಾಲು ಇರುತ್ತವೆ. ಎರಡನ್ನೂ ಓದಿ. ಆ್ಯಪ್‌ನ ಗೋದಾಮಿನಿಂದಲೇ ಹೊರಡುವ ವಸ್ತು ಸಾಮಾನ್ಯವಾಗಿ ಬೇಗ ಹೊರಡುತ್ತದೆ, ವಾಪಸಾತಿಯೂ ಸಲೀಸು. ಮಾರಾಟಗಾರ ತಾನೇ ಕಳಿಸುವುದಾದರೆ ಅವನ ರೇಟಿಂಗ್ ಜೊತೆ ಇತ್ತೀಚಿನ ವಿಮರ್ಶೆಗಳನ್ನೂ ಓದಿ. ವಸ್ತು ಹೇಗಿದೆ ಅನ್ನುವ ವಿಮರ್ಶೆ ಬೇರೆ, ವಸ್ತು ಹೇಗೆ ಬಂತು ಅನ್ನುವುದು ಬೇರೆ. ನಿಮಗೆ ಇಲ್ಲಿ ಬೇಕಾಗಿರುವುದು ಎರಡನೆಯದು. "ತಡ", "ಒಡೆದು", "ಖಾಲಿ ಡಬ್ಬ" ಅನ್ನುವ ಪದಗಳನ್ನು ಹುಡುಕಿ ನೋಡಿ.

ವಾಪಸಾತಿ ನಿಯಮವನ್ನು ಈಗಲೇ ಓದಿ, ತೊಂದರೆ ಬಂದ ಮೇಲೆ ಅಲ್ಲ. ಎಷ್ಟು ದಿನದೊಳಗೆ? ಆ ದಿನಗಳ ಲೆಕ್ಕ ಆರ್ಡರ್ ಮಾಡಿದಾಗಿನಿಂದಲೋ, ಕೈಗೆ ಬಂದಾಗಿನಿಂದಲೋ? ವಾಪಸ್ ಕಳಿಸುವ ಖರ್ಚು ಯಾರದು? ಮೊದಲ ಡೆಲಿವರಿ ಚಾರ್ಜ್ ಹಿಂತಿರುಗಿ ಸಿಗುತ್ತದೋ ಇಲ್ಲವೋ? ಈ ನಾಲ್ಕಕ್ಕೂ ಸ್ಪಷ್ಟ ಉತ್ತರ ಇಲ್ಲದ ಅಂಗಡಿಯಿಂದ ಬೆಲೆಬಾಳುವ ವಸ್ತು ತರಿಸಬೇಡಿ.

3. ದಿನಾಂಕವನ್ನು ಸರಿಯಾಗಿ ಓದಿ

"3 ರಿಂದ 5 ದಿನ" ಅಂತ ಬರೆದಿದ್ದರೆ ಅದು ಎಲ್ಲಿಂದ ಶುರುವಾಗುವ ಲೆಕ್ಕ? ಇಲ್ಲಿ ಎರಡು ಅವಧಿಗಳಿವೆ. ಆರ್ಡರ್ ಬಂದ ಮೇಲೆ ಪ್ಯಾಕ್ ಮಾಡಿ ಕೊರಿಯರ್ ಕೈಗೆ ಕೊಡುವ ಸಮಯ ಒಂದು. ಕೊರಿಯರ್ ಅದನ್ನು ಸಾಗಿಸುವ ಸಮಯ ಇನ್ನೊಂದು. ಎಕ್ಸ್‌ಪ್ರೆಸ್ ಡೆಲಿವರಿಗೆ ಹೆಚ್ಚು ದುಡ್ಡು ಕೊಟ್ಟರೆ ಬಹಳಷ್ಟು ಸಲ ಕಡಿಮೆಯಾಗುವುದು ಎರಡನೆಯ ಅವಧಿ ಮಾತ್ರ. ಮಾರಾಟಗಾರ ಪ್ಯಾಕ್ ಮಾಡಲು ನಾಲ್ಕು ದಿನ ತೆಗೆದುಕೊಂಡರೆ ನಿಮ್ಮ ಎಕ್ಸ್‌ಪ್ರೆಸ್ ದುಡ್ಡು ವ್ಯರ್ಥ. ಆದ್ದರಿಂದ "ಎಷ್ಟು ದಿನದಲ್ಲಿ ಹೊರಡುತ್ತದೆ" ಅನ್ನುವುದನ್ನು ಮೊದಲು ನೋಡಿ. ಪುಟದಲ್ಲಿ ಇಲ್ಲದಿದ್ದರೆ ಕೇಳಿ.

ಇನ್ನೂ ಎರಡು ವಿಷಯ. "ಕೆಲಸದ ದಿನ" ಅಂತ ಬರೆದಿದ್ದರೆ ವಾರದ ರಜೆ, ಹಬ್ಬದ ರಜೆ ಲೆಕ್ಕಕ್ಕಿಲ್ಲ. "ಕಟ್-ಆಫ್ ಸಮಯ" ಅಂದರೆ ಆ ಹೊತ್ತಿನ ನಂತರ ಮಾಡಿದ ಆರ್ಡರ್ ಮರುದಿನದ ಲೆಕ್ಕಕ್ಕೆ ಹೋಗುತ್ತದೆ. ದೊಡ್ಡ ಮಾರಾಟದ ಸಮಯದಲ್ಲಿ ಎಲ್ಲ ಕೇಂದ್ರಗಳಲ್ಲೂ ಪಾರ್ಸೆಲ್ ರಾಶಿ ಬೀಳುತ್ತದೆ. ನಿಶ್ಚಿತ ದಿನಕ್ಕೆ ಬೇಕಾದ ವಸ್ತುವನ್ನು ಆಗ ತರಿಸಬೇಡಿ, ತರಿಸಲೇಬೇಕಾದರೆ ಒಂದು ವಾರ ಮೊದಲೇ ಆರ್ಡರ್ ಮಾಡಿ.

ಕೆಲವು ವಸ್ತುಗಳು ಸ್ವಭಾವತಃ ನಿಧಾನ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ, ಸೆಂಟ್, ಉಗುರು ಬಣ್ಣ, ಸ್ಪ್ರೇ ಡಬ್ಬಿಗಳು ವಿಮಾನಕ್ಕೆ ಅಪಾಯಕಾರಿ ಸರಕಿನ ಪಟ್ಟಿಯಲ್ಲಿವೆ. ಉಪಕರಣದ ಒಳಗಿರದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದಕ್ಕೆ 2016ರ ಏಪ್ರಿಲ್‌ನಿಂದ ಅಂತರರಾಷ್ಟ್ರೀಯ ನಿಷೇಧವಿದೆ. ಹಾಗಾಗಿ ಇವು ಹೆಚ್ಚಾಗಿ ರಸ್ತೆ, ರೈಲು, ಹಡಗಿನ ದಾರಿ ಹಿಡಿಯುತ್ತವೆ. ಪವರ್ ಬ್ಯಾಂಕ್ ಬರುವುದು ತಡವಾದರೆ ಗಾಬರಿಯಾಗಬೇಡಿ.

4. ವಿಳಾಸವನ್ನು ಅಪರಿಚಿತನಿಗೆ ಬರೆದ ಹಾಗೆ ಬರೆಯಿರಿ

ಪಾರ್ಸೆಲ್ ತಪ್ಪಿಹೋಗುವುದಕ್ಕೆ ಗ್ರಾಹಕರ ಕಡೆಯಿಂದ ಆಗುವ ದೊಡ್ಡ ಕಾರಣ ಅರೆಬರೆ ವಿಳಾಸ. ಪಿನ್ ಅಥವಾ ಅಂಚೆ ಕೋಡ್ ಎಲ್ಲಕ್ಕಿಂತ ಮುಖ್ಯ. ಪಾರ್ಸೆಲ್ ಯಾವ ಕೇಂದ್ರಕ್ಕೆ ಹೋಗಬೇಕು ಅಂತ ವಿಂಗಡಿಸುವ ವ್ಯವಸ್ಥೆ ನೋಡುವುದು ಅದನ್ನೇ. ಒಂದು ಅಂಕಿ ತಪ್ಪಿದರೆ ಪಾರ್ಸೆಲ್ ಬೇರೆ ಊರಿಗೆ ಹೋಗಿ ಸುತ್ತು ಹಾಕಿಕೊಂಡು ಬರುತ್ತದೆ. ಮನೆ ಸಂಖ್ಯೆ, ಮಹಡಿ, ರಸ್ತೆ, ಎಲ್ಲರಿಗೂ ಗೊತ್ತಿರುವ ಒಂದು ಗುರುತು, ಹಗಲು ಎತ್ತುವ ಫೋನ್ ನಂಬರ್, ಇಷ್ಟು ಇರಲಿ. ಗುರುತು ಹೇಳುವಾಗ ನಾಳೆ ಬದಲಾಗುವಂಥದ್ದನ್ನು ಕೊಡಬೇಡಿ. "ಕೆಂಪು ಕಾರು ನಿಂತಿರುವ ಮನೆ" ಕೆಲಸಕ್ಕೆ ಬರುವುದಿಲ್ಲ.

ಆ್ಯಪ್‌ನಲ್ಲಿ ಹಳೆಯ ಮನೆಯ ವಿಳಾಸ ಉಳಿದುಕೊಂಡಿದ್ದರೆ ಇವತ್ತೇ ಅಳಿಸಿ. ಮನೆ ಬದಲಿಸಿದವರಿಂದ ಬರುವ ದೂರುಗಳಲ್ಲಿ ತುಂಬಾ ಕೇಳುವುದು ಇದನ್ನೇ. ಆರ್ಡರ್ ಆದ ಮೇಲೆ ತಪ್ಪು ಕಂಡರೆ ವಸ್ತು ಹೊರಡುವ ಮೊದಲೇ ಬದಲಿಸಿ. ಹೊರಟ ಮೇಲೆ ಬದಲಿಸುವುದು ಕಷ್ಟ, ಕೆಲವೊಮ್ಮೆ ಅದಕ್ಕೂ ಶುಲ್ಕ ಇರುತ್ತದೆ.

5. ಹಣ ಕೊಡುವ ದಾರಿಯನ್ನು ಯೋಚಿಸಿ ಆರಿಸಿ

ಹೊಸ ಅಂಗಡಿ, ಗೊತ್ತಿಲ್ಲದ ಹೆಸರು ಅಂದರೆ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಕಳಿಸಬೇಡಿ. ಹಾಗೆ ಹೋದ ಹಣವನ್ನು ಹಿಂತಿರುಗಿ ಪಡೆಯುವುದು ತುಂಬಾ ಕಷ್ಟ. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಚಾರ್ಜ್‌ಬ್ಯಾಕ್ ಅನ್ನುವ ಸೌಲಭ್ಯವಿದೆ. ವಸ್ತು ಬರಲಿಲ್ಲ, ಅಥವಾ ಹೇಳಿದ್ದು ಒಂದು ಬಂದದ್ದು ಇನ್ನೊಂದು ಅಂತಾದರೆ, ನಿಮ್ಮ ಬ್ಯಾಂಕ್ ಮೂಲಕ ಹಣ ವಾಪಸ್ ಕೇಳುವ ಕ್ರಮ ಇದು. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನಗಳ ಅವಧಿ ಇರುತ್ತದೆ. ಆದರೆ ನಿಮ್ಮ ಬ್ಯಾಂಕ್ ಇನ್ನೂ ಬೇಗ ಕೇಳಬಹುದು, ಹಾಗಾಗಿ ಕಾಯಬೇಡಿ. ಮಾರಾಟಗಾರ "ಇನ್ನೊಂದು ತಿಂಗಳು ಕಾಯಿರಿ" ಅಂತ ಎಳೆಯುತ್ತಾ ಹೋದರೆ ಆ ಅವಧಿ ದಾಟಿಹೋಗುತ್ತದೆ.

ಮನೆ ಬಾಗಿಲಲ್ಲಿ ಹಣ ಕೊಡುವ ಕ್ಯಾಶ್ ಆನ್ ಡೆಲಿವರಿ ಸುರಕ್ಷಿತ ಅನ್ನುವ ನಂಬಿಕೆ ಇದೆ. ಅರ್ಧ ನಿಜ. ಪಾರ್ಸೆಲ್ ಬರದಿದ್ದರೆ ಹಣ ಹೋಗುವುದಿಲ್ಲ, ಅಷ್ಟು ಸರಿ. ಆದರೆ ಡಬ್ಬ ತೆರೆಯುವ ಮೊದಲೇ ಹಣ ಕೊಡಬೇಕಾದಲ್ಲಿ ಒಳಗೆ ಏನಿದೆ ಅನ್ನುವ ಭರವಸೆ ಇಲ್ಲ. ಚಾರ್ಜ್‌ಬ್ಯಾಕ್ ಕೂಡ ಇಲ್ಲ.

*ಎಚ್ಚರಿಕೆ:* ನೀವು ಆರ್ಡರ್ ಮಾಡದ ಪಾರ್ಸೆಲ್ ಬಂದು ಹಣ ಕೇಳಿದರೆ ಕೊಡಬೇಡಿ. ಮನೆಯ ಹಿರಿಯರಿಗೂ ಇದನ್ನು ಹೇಳಿಡಿ. ಮಕ್ಕಳು ತರಿಸಿರಬಹುದು ಅಂದುಕೊಂಡು ಅವರು ಹಣ ಕೊಟ್ಟುಬಿಡುತ್ತಾರೆ.

6. ಟ್ರ್ಯಾಕಿಂಗ್ ಓದಲು ಕಲಿಯಿರಿ

ಟ್ರ್ಯಾಕಿಂಗ್ ಅಂದರೆ ಪಾರ್ಸೆಲ್ ಎಲ್ಲಿದೆ ಅಂತ ಸದಾ ತೋರಿಸುವ ನಕ್ಷೆ ಅಲ್ಲ. ಯಾರೋ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಮಾತ್ರ ಒಂದು ಸಾಲು ಸೇರುತ್ತದೆ. ಎರಡು ಸ್ಕ್ಯಾನ್‌ಗಳ ನಡುವೆ ಪಾರ್ಸೆಲ್ ಲಾರಿಯಲ್ಲಿ ಸಾವಿರ ಕಿಲೋಮೀಟರ್ ಸಾಗುತ್ತಿದ್ದರೂ ಪರದೆಯಲ್ಲಿ ನಿಂತ ಹಾಗೇ ಕಾಣುತ್ತದೆ. ಆದ್ದರಿಂದ ಎರಡು ಮೂರು ದಿನ ಸಾಲು ಬದಲಾಗದಿದ್ದರೆ ಪಾರ್ಸೆಲ್ ಕಳೆದುಹೋಗಿದೆ ಅಂತ ಅರ್ಥ ಅಲ್ಲ.

ಪ್ರತಿ ಸಾಲು ಏನು ಹೇಳುತ್ತದೆ ನೋಡೋಣ. "ಲೇಬಲ್ ಕ್ರಿಯೇಟೆಡ್" ಅಂದರೆ ವಿಳಾಸದ ಚೀಟಿ ಮಾತ್ರ ಮುದ್ರಣವಾಗಿದೆ, ಪಾರ್ಸೆಲ್ ಇನ್ನೂ ಮಾರಾಟಗಾರನ ಹತ್ತಿರವೇ ಇರಬಹುದು. ಆ್ಯಪ್ "ಶಿಪ್ಡ್" ಅಂತ ತೋರಿಸಿ, ಕೊರಿಯರ್ ಪುಟದಲ್ಲಿ ದಿನಗಟ್ಟಲೆ ಈ ಸಾಲೇ ಇದ್ದರೆ ತಡ ಮಾಡುತ್ತಿರುವವನು ಮಾರಾಟಗಾರ, ಕೊರಿಯರ್ ಅಲ್ಲ. "ಪಿಕ್ಡ್ ಅಪ್" ಅಂದರೆ ಈಗ ನಿಜವಾಗಿ ಹೊರಟಿದೆ. "ಇನ್ ಟ್ರಾನ್ಸಿಟ್" ದಾರಿಯಲ್ಲಿದೆ. "ಹಬ್" ಅಂದರೆ ಪಾರ್ಸೆಲ್‌ಗಳನ್ನು ಊರಿನ ಪ್ರಕಾರ ವಿಂಗಡಿಸುವ ಕೇಂದ್ರ. ನಿಮ್ಮ ಊರಿಗೆ ವಿರುದ್ಧ ದಿಕ್ಕಿನ ಹಬ್‌ನ ಹೆಸರು ಕಂಡರೂ ಚಿಂತೆ ಬೇಡ, ದೊಡ್ಡ ಕೇಂದ್ರದ ಮೂಲಕ ಸುತ್ತಿಬರುವುದು ಸಾಮಾನ್ಯ. "ಔಟ್ ಫಾರ್ ಡೆಲಿವರಿ" ಅಂದರೆ ಇವತ್ತಿನ ಚೀಲಕ್ಕೆ ಸೇರಿದೆ. "ಎಕ್ಸೆಪ್ಷನ್" ಅಂದರೆ ಏನೋ ತೊಡಕು, ವಿವರ ಓದಿ. "ಆರ್‌ಟಿಒ" ಅಂದರೆ ಕಳಿಸಿದವರಿಗೇ ಹಿಂದಿರುಗುತ್ತಿದೆ. ಇದು ಕಂಡ ಕೂಡಲೇ ಮಾರಾಟಗಾರನಿಗೆ ಬರೆಯಿರಿ.

ನಿಜವಾಗಿ ಸಿಟ್ಟು ಬರಿಸುವುದು "ಡೆಲಿವರಿ ಅಟೆಂಪ್ಟೆಡ್, ಗ್ರಾಹಕರು ಸಿಗಲಿಲ್ಲ" ಅನ್ನುವ ಸಾಲು. ನೀವು ಇಡೀ ದಿನ ಮನೆಯಲ್ಲೇ ಇದ್ದಿರಿ, ಒಂದು ಕರೆಯೂ ಬಂದಿಲ್ಲ. ದಿನದ ಹೊರೆ ಮುಗಿಯದೆ ಇದ್ದಾಗ ಹೀಗೆ ನಮೂದಿಸುವುದು ಉಂಟು. ಡೆಲಿವರಿ ಮಾಡುವವರಿಗೆ ದಿನಕ್ಕೆ ಇಷ್ಟು ಅಂತ ಪಾರ್ಸೆಲ್ ಹೊರಿಸಿರುತ್ತಾರೆ, ಅನೇಕರಿಗೆ ಸಿಗುವುದು ಪಾರ್ಸೆಲ್ ಲೆಕ್ಕದ ಕೂಲಿ. ಬಾಗಿಲಿಗೆ ಬಂದವರ ಮೇಲೆ ಕೂಗಾಡುವುದರಿಂದ ಏನೂ ಸರಿಹೋಗುವುದಿಲ್ಲ. ಆದರೆ ಆ ಸಾಲನ್ನು ಹಾಗೇ ಬಿಡಬೇಡಿ. ಎರಡು ಮೂರು ಸಲ ಹೀಗಾದರೆ ಪಾರ್ಸೆಲ್ ತಾನಾಗಿ ಆರ್‌ಟಿಒ ಆಗುತ್ತದೆ. ಅದೇ ದಿನ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಕರೆ ಬಂದಿಲ್ಲ ಅಂತ ತೋರಿಸುವ ಕಾಲ್ ಪಟ್ಟಿಯದ್ದೂ ಒಂದು ತೆಗೆಯಿರಿ, ಎರಡನ್ನೂ ಮಾರಾಟಗಾರನಿಗೂ ಕೊರಿಯರ್‌ಗೂ ಕಳಿಸಿ. ಮರು ಡೆಲಿವರಿ ದಿನಾಂಕ ಆರಿಸುವ ಅವಕಾಶ ಇದ್ದರೆ ಬಳಸಿಕೊಳ್ಳಿ.

*ಎಚ್ಚರಿಕೆ:* "ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ವಿಳಾಸ ಸರಿಪಡಿಸಲು ಸಣ್ಣ ಮೊತ್ತ ಕಟ್ಟಿ" ಅಂತ ಲಿಂಕ್ ಸಮೇತ ಮೆಸೇಜ್ ಬಂದರೆ ಒತ್ತಬೇಡಿ. ಅವರಿಗೆ ಬೇಕಿರುವುದು ಆ ಸಣ್ಣ ಮೊತ್ತವಲ್ಲ, ನಿಮ್ಮ ಕಾರ್ಡ್ ವಿವರ. ಅನುಮಾನ ಬಂದರೆ ಮೆಸೇಜ್ ಮುಚ್ಚಿ, ನೀವೇ ಆ್ಯಪ್ ತೆರೆದು ಆರ್ಡರ್ ಪುಟದಲ್ಲಿ ನೋಡಿ. ಕೊರಿಯರ್‌ನವರು ಅಂತ ಹೇಳಿಕೊಂಡು ಸ್ಟಾರ್, ಹ್ಯಾಷ್ ಇರುವ ಕೋಡ್ ಡಯಲ್ ಮಾಡಲು ಹೇಳಿದರೂ ಮಾಡಬೇಡಿ. ಅಂಥ ಕೋಡ್ ನಿಮ್ಮ ಕರೆಗಳನ್ನು ಅವರ ನಂಬರ್‌ಗೆ ತಿರುಗಿಸಬಲ್ಲದು. ಆಮೇಲೆ ನಿಮ್ಮ ಒಟಿಪಿ ಕರೆಗಳೂ ಅವರಿಗೇ ಹೋಗುತ್ತವೆ.

7. ಹೊರದೇಶದಿಂದ ತರಿಸುವುದಾದರೆ

ಇಲ್ಲಿ ಬೆಲೆ ಎರಡು ಸಲ ಏರುತ್ತದೆ. ಸಾಗಣೆ ಒಂದು, ಕಸ್ಟಮ್ಸ್ ಸುಂಕ ಮತ್ತು ತೆರಿಗೆ ಇನ್ನೊಂದು. ಅನೇಕ ದೇಶಗಳಲ್ಲಿ ಸುಂಕ ಹಾಕುವುದು ವಸ್ತುವಿನ ಬೆಲೆಗೆ ಮಾತ್ರ ಅಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತಕ್ಕೆ. ಅದರ ಮೇಲೆ, ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್ ತನ್ನದೊಂದು ಶುಲ್ಕ ಸೇರಿಸಬಹುದು. ಸಣ್ಣ ಮೊತ್ತದ ವಸ್ತುಗಳಿಗೆ ಇದ್ದ ವಿನಾಯಿತಿಯನ್ನು ಹಲವು ದೇಶಗಳು ತೆಗೆದುಹಾಕುತ್ತಿವೆ. ಯುರೋಪಿಯನ್ ಯೂನಿಯನ್ 22 ಯೂರೋವರೆಗಿನ ವ್ಯಾಟ್ ವಿನಾಯಿತಿಯನ್ನು 2021ರ ಜುಲೈಯಲ್ಲಿ ನಿಲ್ಲಿಸಿತು. ಅಮೆರಿಕ 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್‌ನಲ್ಲಿ ತಡೆಹಿಡಿಯಿತು. ಹಾಗಾಗಿ ಎರಡು ವರ್ಷದ ಹಿಂದೆ ಸುಂಕ ಬರಲಿಲ್ಲ ಅನ್ನುವ ಅನುಭವವನ್ನು ನಂಬಿಕೊಳ್ಳಬೇಡಿ.

ಆರ್ಡರ್ ಪುಟದಲ್ಲಿ "ಡಿಡಿಪಿ" ಅಂತ ಇದ್ದರೆ ಸುಂಕವನ್ನು ಮಾರಾಟಗಾರನೇ ಕಟ್ಟಿ ಕಳಿಸುತ್ತಾನೆ, ಬಾಗಿಲಲ್ಲಿ ಏನೂ ಕೊಡಬೇಕಿಲ್ಲ. "ಡಿಎಪಿ" ಅಥವಾ ಹಳೆಯ ಹೆಸರು "ಡಿಡಿಯು" ಇದ್ದರೆ ಸುಂಕ ನಿಮ್ಮ ತಲೆಗೆ. ಡಿಡಿಪಿ ಸ್ವಲ್ಪ ದುಬಾರಿ ಕಂಡರೂ ಮೊತ್ತ ಮೊದಲೇ ಗೊತ್ತಿರುತ್ತದೆ. ಮೊದಲ ಸಲ ತರಿಸುವವರಿಗೆ ಅದೇ ವಾಸಿ. ಸುಂಕ ಉಳಿಸಲು "ಗಿಫ್ಟ್ ಅಂತ ಬರೆದು ಕಳಿಸಿ, ಬೆಲೆ ಕಡಿಮೆ ಹಾಕಿ" ಅಂತ ಕೇಳಬೇಡಿ. ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ದಂಡ ಬೀಳಬಹುದು. ಪಾರ್ಸೆಲ್ ಕಳೆದರೆ ಪರಿಹಾರವೂ ಆ ಕಡಿಮೆ ಬೆಲೆಗೇ ಸಿಗುವುದು.

ಅಂಚೆ ಮೂಲಕ ಬರುವ ಪಾರ್ಸೆಲ್‌ನ ನಂಬರ್‌ಗೆ ಜಗತ್ತಿನಾದ್ಯಂತ ಒಂದೇ ಮಾದರಿ. 1874ರಲ್ಲಿ ಸ್ಥಾಪನೆಯಾದ ಯೂನಿವರ್ಸಲ್ ಪೋಸ್ಟಲ್ ಯೂನಿಯನ್ ಇದನ್ನು ಗೊತ್ತುಮಾಡಿದೆ. ಒಟ್ಟು 13 ಅಕ್ಷರ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕೊನೆಗೆ ಕಳಿಸಿದ ದೇಶವನ್ನು ಹೇಳುವ ಎರಡು ಅಕ್ಷರ. ಒಂಬತ್ತನೇ ಅಂಕಿ ಮೊದಲ ಎಂಟರಿಂದ ಲೆಕ್ಕ ಹಾಕಿ ಬಂದದ್ದು, ಅಂಕಿ ತಪ್ಪಾದರೆ ವ್ಯವಸ್ಥೆಗೆ ಅದರಿಂದಲೇ ಗೊತ್ತಾಗುತ್ತದೆ. ಮೊದಲ ಅಕ್ಷರ "ಆರ್" ಆದರೆ ರಿಜಿಸ್ಟರ್ಡ್, "ಇ" ಆದರೆ ಎಕ್ಸ್‌ಪ್ರೆಸ್, "ಸಿ" ಆದರೆ ಪಾರ್ಸೆಲ್. "ಯು" ಇಂದ ಶುರುವಾದರೆ ಅದು ಪೂರ್ತಿ ಟ್ರ್ಯಾಕಿಂಗ್ ಇಲ್ಲದ ಅಗ್ಗದ ಸೇವೆ, ಪುಟ ಸುಮ್ನೆ ನಿಂತುಬಿಟ್ಟರೆ ಆಶ್ಚರ್ಯವಿಲ್ಲ. ಬೆಲೆಬಾಳುವ ವಸ್ತುವಿಗೆ ಈ ಸೇವೆ ಬೇಡ.

8. ಪಾರ್ಸೆಲ್ ಬಾಗಿಲಿಗೆ ಬಂದಾಗ

ಇಲ್ಲಿ ಕಳೆಯುವ ಐದು ನಿಮಿಷ ಆಮೇಲಿನ ಐದು ವಾರ ಉಳಿಸುತ್ತದೆ. ಮೊದಲು ಡಬ್ಬವನ್ನು ಸುತ್ತಲೂ ನೋಡಿ. ಮೂಲೆ ಜಜ್ಜಿದೆಯೇ? ಒದ್ದೆಯಾಗಿದೆಯೇ? ಟೇಪ್ ಮೇಲೆ ಇನ್ನೊಂದು ಟೇಪ್ ಹಚ್ಚಿದ ಗುರುತಿದೆಯೇ? ಇದ್ದರೆ ತಂದವರ ಎದುರಿಗೇ ಫೋಟೋ ತೆಗೆಯಿರಿ. ಸಹಿ ಮಾಡುವ ಜಾಗ ಇದ್ದರೆ "ಡಬ್ಬ ಹಾಳಾಗಿದೆ" ಅಂತ ಬರೆದೇ ಸಹಿ ಹಾಕಿ. ತೀರಾ ಹಾಳಾಗಿದ್ದರೆ ತೆಗೆದುಕೊಳ್ಳಲು ನಿರಾಕರಿಸಿ.

ಒಟಿಪಿ ಹೇಳುವುದು ಸಹಿ ಹಾಕಿದ್ದಕ್ಕೆ ಸಮ. ಪಾರ್ಸೆಲ್ ಕೈಯಲ್ಲಿ ಇಲ್ಲದೆ ಹೇಳಬೇಡಿ. "ಕೆಳಗೆ ನಿಂತಿದ್ದೇನೆ, ಒಟಿಪಿ ಹೇಳಿ, ಗೇಟ್ ಹತ್ತಿರ ಇಡುತ್ತೇನೆ" ಅಂದರೂ ಬೇಡ. ಇಲ್ಲಿ ದಾಕ್ಷಿಣ್ಯ ಮಾಡಿಕೊಳ್ಳಬೇಡಿ.

ಬೆಲೆಬಾಳುವ ವಸ್ತುವಾದರೆ ತೆರೆಯುವ ವಿಡಿಯೊ ಮಾಡಿ. ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಿರಿ, ತುಂಡು ತುಂಡಾದ ವಿಡಿಯೊವನ್ನು ಒಪ್ಪದೆ ಇರಬಹುದು. ಟೇಪ್ ಕತ್ತರಿಸುವ ಮೊದಲೇ ಶುರು ಮಾಡಿ, ಆರೂ ಬದಿ ತೋರಿಸಿ, ವಿಳಾಸದ ಚೀಟಿ ಓದುವಷ್ಟು ಹತ್ತಿರ ಹಿಡಿಯಿರಿ. ಆಮೇಲೆ ತೆರೆದು, ವಸ್ತುವಿನ ಸೀರಿಯಲ್ ನಂಬರ್ ತೋರಿಸಿ ಮುಗಿಸಿ.

ಹೆಚ್ಚಿನವರು ಗಮನಿಸದ ಒಂದು ಸಾಕ್ಷಿ ತೂಕ. ಚೀಟಿಯ ಮೇಲೆ ಅನೇಕ ಸಲ ಪಾರ್ಸೆಲ್‌ನ ತೂಕ ಮುದ್ರಿಸಿರುತ್ತಾರೆ. ತೆರೆಯುವ ಮೊದಲು ನಿಮ್ಮ ತಕ್ಕಡಿಯಲ್ಲಿ ಇಟ್ಟು ಅದನ್ನೂ ವಿಡಿಯೊದಲ್ಲಿ ತೋರಿಸಿ. ಚೀಟಿಯಲ್ಲಿ 1.8 ಕಿಲೋ, ತಕ್ಕಡಿಯಲ್ಲಿ 0.4 ಕಿಲೋ ಅಂತಾದರೆ ದಾರಿಯಲ್ಲಿ ವಸ್ತು ಹೋಗಿದೆ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ಚೀಟಿಯ ತೂಕ ವಾಲ್ಯೂಮೆಟ್ರಿಕ್ ಆಗಿರಬಹುದು, ಅದನ್ನು ಮೊದಲು ನೋಡಿಕೊಳ್ಳಿ.

ಡಬ್ಬ, ಒಳಗಿನ ಪ್ಯಾಕಿಂಗ್, ಚೀಟಿ ಇವನ್ನು ವಾಪಸಾತಿ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳಿ. ಹಾನಿಯ ದೂರಿನಲ್ಲಿ ಕೊರಿಯರ್ ಕೇಳುವ ಮೊದಲ ಪ್ರಶ್ನೆಯೇ "ಪ್ಯಾಕಿಂಗ್ ಎಲ್ಲಿ" ಅಂತ. ಎಸೆಯುವಾಗ ಹೆಸರು, ಫೋನ್ ನಂಬರ್ ಇರುವ ಚೀಟಿಯನ್ನು ಹರಿದುಹಾಕಿ.

9. ತೊಂದರೆ ಆದರೆ

*"ಡೆಲಿವರ್ಡ್" ಅಂತ ಇದೆ, ಪಾರ್ಸೆಲ್ ಇಲ್ಲ.* ಪಕ್ಕದ ಮನೆ, ಕಾವಲುಗಾರ, ಮನೆಯವರು ಎಲ್ಲರನ್ನೂ ಕೇಳಿ. ಮೀಟರ್ ಪೆಟ್ಟಿಗೆ, ಮೆಟ್ಟಿಲ ಕೆಳಗೆ ನೋಡಿ. ತಲುಪಿಸುವ ಮೊದಲೇ ಸ್ಕ್ಯಾನ್ ಮಾಡಿಬಿಡುವುದೂ ಉಂಟು, ಆ ದಿನದ ಸಂಜೆಯವರೆಗೆ ನೋಡಬಹುದು. ಅದಕ್ಕಿಂತ ಹೆಚ್ಚು ಕಾಯಬೇಡಿ. ಮಾರಾಟಗಾರನಿಗೆ ಬರೆದು ಡೆಲಿವರಿ ಪುರಾವೆ ಕೇಳಿ. ಫೋಟೋ, ಸಹಿ, ಒಟಿಪಿ ದಾಖಲೆ, ಸ್ಕ್ಯಾನ್ ಆದ ಜಾಗದ ಜಿಪಿಎಸ್ ಗುರುತು, ಇವುಗಳಲ್ಲಿ ಏನಿದೆ ಅಂತ ಹೆಸರಿಸಿ ಕೇಳಿ. ಫೋಟೋದಲ್ಲಿ ಬೇರೆ ಬಾಗಿಲು ಕಂಡರೆ ನಿಮ್ಮ ಬಾಗಿಲ ಫೋಟೋ ಜೊತೆಗಿಟ್ಟು ಕಳಿಸಿ.

*ಒಡೆದು ಬಂದಿದೆ, ಅಥವಾ ಬೇರೆಯದೇ ಬಂದಿದೆ.* ಅದೇ ದಿನ ದೂರು ದಾಖಲಿಸಿ. ಹಾನಿಯ ದೂರಿಗೆ ಇರುವ ಅವಧಿ ವಾಪಸಾತಿಯ ಅವಧಿಗಿಂತ ಚಿಕ್ಕದಾಗಿರುವುದು ಸಾಮಾನ್ಯ.

*ಆರ್ಡರ್‌ನ ಅರ್ಧ ಮಾತ್ರ ಬಂದಿದೆ.* ಬೇರೆ ಬೇರೆ ಗೋದಾಮಿನಿಂದ ಎರಡು ಪಾರ್ಸೆಲ್ ಆಗಿ ಹೊರಟಿರಬಹುದು. ಆರ್ಡರ್ ಪುಟದಲ್ಲಿ ಎರಡನೇ ಟ್ರ್ಯಾಕಿಂಗ್ ನಂಬರ್ ಇದೆಯೇ ನೋಡಿ, ಆಮೇಲೆ ದೂರು ಕೊಡಿ.

*ದಾರಿಯಲ್ಲೇ ನಿಂತಿದೆ.* ಹೇಳಿದ ದಿನಾಂಕ ದಾಟುವವರೆಗೆ ಕಾಯಿರಿ. ದಾಟಿದ ಮರುದಿನ ಮಾರಾಟಗಾರನಿಗೆ ಬರೆದು, ಕೊರಿಯರ್ ಬಳಿ ಹುಡುಕಾಟದ ಅರ್ಜಿ ಹಾಕಲು ಹೇಳಿ. ಕಳಿಸಿದವರು ಕೇಳಿದರೆ ಮಾತ್ರ ಹುಡುಕುವ ಕಂಪನಿಗಳೇ ಹೆಚ್ಚು.

ಎಲ್ಲ ಸಂದರ್ಭದಲ್ಲೂ ಫೋನ್‌ಗಿಂತ ಬರಹ ಮೇಲು. ಚಾಟ್ ಆದರೆ ಪ್ರತಿ ಸಲ ಸ್ಕ್ರೀನ್‌ಶಾಟ್ ತೆಗೆಯಿರಿ, ಫೋನ್ ಆದರೆ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಪತ್ರ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು:

"ಆರ್ಡರ್ ಸಂಖ್ಯೆ ಇಂಥದ್ದು. ಇಂಥ ದಿನ ಡೆಲಿವರಿ ಆಗಿದೆ ಅಂತ ತೋರಿಸುತ್ತಿದೆ, ಆದರೆ ನನಗೆ ತಲುಪಿಲ್ಲ. ಡೆಲಿವರಿ ಪುರಾವೆ ಕಳಿಸಿ. ಇಂಥ ದಿನದೊಳಗೆ ವಸ್ತು ಅಥವಾ ಪೂರ್ತಿ ಹಣ ಕೊಡಿ. ಸ್ಕ್ರೀನ್‌ಶಾಟ್ ಜೊತೆಗಿದೆ."

ಏನಾಯಿತು, ಏನು ಬೇಕು, ಯಾವಾಗ ಬೇಕು ಅನ್ನುವುದಷ್ಟೇ ಸಾಕು. ಸಿಟ್ಟಿನ ಮಾತು ಸೇರಿಸಿದರೆ ಓದುವವರು ಮುಖ್ಯ ವಿಷಯ ಬಿಟ್ಟು ಅದಕ್ಕೇ ಉತ್ತರ ಕೊಡುತ್ತಾರೆ.

"ಕೊರಿಯರ್ ಇಷ್ಟೇ ಪರಿಹಾರ ಕೊಟ್ಟಿದೆ, ನಾವೇನೂ ಮಾಡಲಾಗದು" ಅಂತ ಮಾರಾಟಗಾರ ಹೇಳಿದರೆ ಒಪ್ಪಬೇಡಿ. ಕೊರಿಯರ್ ಪರಿಹಾರಕ್ಕೆ ಮಿತಿ ಇರುತ್ತದೆ, ಬಹಳ ಕಡೆ ಅದು ಬೆಲೆಯ ಮೇಲಲ್ಲ, ತೂಕದ ಮೇಲೆ. ವಿಮಾನ ಸರಕಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದವೂ ಮಿತಿಯನ್ನು ಕಿಲೋ ಲೆಕ್ಕದಲ್ಲೇ ಇಟ್ಟಿದೆ. ಹಾಗಾಗಿ ಹಗುರವಾದ ದುಬಾರಿ ಫೋನ್ ಕಳೆದರೆ ಅವರಿಗೆ ಸಿಗುವುದು ಕಡಿಮೆ. ಆದರೆ ಅದು ಅವರಿಬ್ಬರ ನಡುವಿನ ಒಪ್ಪಂದ. ನೀವು ಹಣ ಕೊಟ್ಟಿರುವುದು ವಸ್ತು ಕೈಗೆ ಸೇರಲಿ ಅಂತ. ಮಾರಾಟಗಾರ ಕೇಳದಿದ್ದರೆ ಮಾರ್ಕೆಟ್‌ಪ್ಲೇಸ್‌ನ ದೂರು ವಿಭಾಗ, ಆಮೇಲೆ ಬ್ಯಾಂಕ್‌ನ ಚಾರ್ಜ್‌ಬ್ಯಾಕ್, ಕೊನೆಗೆ ನಿಮ್ಮಲ್ಲಿನ ಗ್ರಾಹಕ ರಕ್ಷಣಾ ವ್ಯವಸ್ಥೆ, ಈ ಕ್ರಮದಲ್ಲಿ ಹೋಗಿ. ದಿನಾಂಕಗಳನ್ನು ಒಂದು ಕಡೆ ಬರೆದಿಟ್ಟುಕೊಂಡರೆ ಮೂರೂ ಕಡೆ ಅದೇ ಕೆಲಸಕ್ಕೆ ಬರುತ್ತದೆ.

10. ವಾಪಸ್ ಕಳಿಸುವಾಗ

ಅಂಗಡಿಯವರೇ ಬಂದು ಒಯ್ಯುವುದಾದರೆ ಸುಲಭ. ಕೊಡುವ ಮೊದಲು ವಸ್ತುವಿನ ಫೋಟೋ ತೆಗೆಯಿರಿ, ಒಯ್ದದ್ದಕ್ಕೆ ರಸೀದಿ ಅಥವಾ ಮೆಸೇಜ್ ಬರುವವರೆಗೆ ಕೈಬಿಡಬೇಡಿ.

ನೀವೇ ಕಳಿಸಬೇಕಾದರೆ ಈಗ ಕೊರಿಯರ್‌ನ ಗ್ರಾಹಕರು ನೀವೇ. ಹೊಣೆಯೂ ನಿಮ್ಮದೇ. ವಸ್ತುವಿನ ಅಳತೆಗೆ ಹತ್ತಿರದ ಡಬ್ಬ ಆರಿಸಿ, ದೊಡ್ಡದಾದರೆ ವಾಲ್ಯೂಮೆಟ್ರಿಕ್ ತೂಕ ಏರುತ್ತದೆ. ಒಡೆಯುವ ವಸ್ತುವಾದರೆ ಮಾತ್ರ ಸುತ್ತಲೂ ಒಂದೆರಡು ಇಂಚು ಮೆತ್ತನೆ ತುಂಬಿ. ಡಬ್ಬ ಅಲ್ಲಾಡಿಸಿದಾಗ ಒಳಗೆ ಏನೂ ಸರಿದಾಡಬಾರದು. ಮೇಲೂ ಕೆಳಗೂ ನಡುವಿನ ಸೀಳಿಗೆ ಒಂದು, ಎರಡು ಅಂಚಿಗೆ ಒಂದೊಂದು ಟೇಪ್ ಹಚ್ಚಿ. "ಜೋಪಾನ" ಅನ್ನುವ ಸ್ಟಿಕರ್ ಮೇಲೆ ಭರವಸೆ ಇಡಬೇಡಿ. ದೊಡ್ಡ ಹಬ್‌ಗಳಲ್ಲಿ ಪಾರ್ಸೆಲ್ ವಿಂಗಡಿಸುವುದು ಯಂತ್ರ, ಅದು ಸ್ಟಿಕರ್ ಓದುವುದಿಲ್ಲ.

ಯಂತ್ರ ಓದುವುದು ಬಾರ್‌ಕೋಡ್. ಹಳೆಯ ಡಬ್ಬ ಬಳಸಿದರೆ ಅದರ ಮೇಲಿನ ಹಳೆಯ ಚೀಟಿಯನ್ನು ಪೂರ್ತಿ ಕಿತ್ತುಹಾಕಿ, ಬಾರದಿದ್ದರೆ ಕಪ್ಪು ಮಸಿಯಿಂದ ಅಳಿಸಿ. ಇಲ್ಲದಿದ್ದರೆ ಪಾರ್ಸೆಲ್ ತಿರುಗಿ ನಿಮ್ಮ ಮನೆಗೇ ಬಂದೀತು. ಒಳಗೂ ಒಂದು ಚೀಟಿಯಲ್ಲಿ ಆರ್ಡರ್ ಸಂಖ್ಯೆ, ನಿಮ್ಮ ಹೆಸರು, ವಾಪಸ್ ಮಾಡಲು ಕಾರಣ ಬರೆದಿಡಿ. ಹೊರಗಿನ ಚೀಟಿ ಕಿತ್ತುಹೋದರೆ ಅದೇ ಆಧಾರ.

ಕೌಂಟರ್‌ನಲ್ಲಿ ಕೊಟ್ಟಾಗ ತೂಕ ನಮೂದಾದ ರಸೀದಿ ಕೇಳಿ ಪಡೆಯಿರಿ. ದುಬಾರಿ ವಸ್ತುವಾದರೆ ನಿಜ ಬೆಲೆ ಘೋಷಿಸಿ ವಿಮೆ ಮಾಡಿಸಿ. ರಸೀದಿಯ ಫೋಟೋವನ್ನು ಅವತ್ತೇ ಮಾರಾಟಗಾರನಿಗೆ ಕಳಿಸಿ. ಪಾರ್ಸೆಲ್ ಅವರಿಗೆ ತಲುಪಿದ ಸಾಲು ಟ್ರ್ಯಾಕಿಂಗ್‌ನಲ್ಲಿ ಕಂಡ ದಿನ ಅದರದ್ದೂ ಸ್ಕ್ರೀನ್‌ಶಾಟ್ ತೆಗೆಯಿರಿ. ರೀಫಂಡ್‌ಗೆ ಹೇಳಿದ ದಿನಗಳ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಅಲ್ಲಿಂದ. ಹಣ ಖಾತೆಗೆ ಬಂದು, ಮೊತ್ತ ಸರಿಯಿದೆ ಅಂತ ನೋಡಿದ ಮೇಲೆ ಮಾತ್ರ ದೂರನ್ನು ಮುಚ್ಚಿ.